ಮೂರನೇ ಟವರಿನ ಕೆಳಗಿನ ಮಣ್ಣು

ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಗೋಡೆಗೆ ಹೋದ ವಾರ ಒಂದು ಕಾಗದ ಅಂಟಿಸಿದರು. ಮಳೆ ಕಡಿಮೆಯಾದ ಮೇಲೆ ಒಂದು ಭಾನುವಾರ ಎಲ್ಲರೂ ಸೇರಿ ಟ್ರೆಕ್ಕಿಂಗ್ ಹೋಗುವುದಂತೆ. ಸತ್ತರಿಯ ಗುಡ್ಡ ಇಳಿದು, ಕಣಿವೆಯೊಳಗಿನ ಒಂದು ಪುಟ್ಟ ಊರು ನೋಡಿಕೊಂಡು, ಸಂಜೆಯೊಳಗೆ ವಾಪಸ್ಸು. ಗೋವಾದ ಕುಂಡಯಿಯ ಈ ಶೆಡ್ಡಿನಲ್ಲಿ ವಾರವಿಡೀ ನಿಂತು ಮಾತ್ರೆ ಪ್ಯಾಕ್ ಮಾಡಿ ಕಾಲು ಬಾತುಕೊಂಡವರು ಭಾನುವಾರ ಮತ್ತೆ ಗುಡ್ಡ ಹತ್ತಬೇಕಂತೆ, ಹೊಟ್ಟೆ ತುಂಬಿದವರ ಚಾಳಿ! ಕೆಳಗೆ ತರಬೇಕಾದ್ದರ ಪಟ್ಟಿಯಿತ್ತು: ಬೂಟು, ರೇನ್‌ಕೋಟು, ನೀರಿನ ಬಾಟಲಿ, ಜಿಗಣೆಗೆ ಉಪ್ಪು. ನಗುತ್ತ ಮುಂದೆ ಹೋಗುವವಳಿದ್ದೆ, ಅಷ್ಟರಲ್ಲಿ ಊರಿನ ಹೆಸರು ಕಣ್ಣಿಗೆ ಬಿತ್ತು. ಫಣಸವಾಡೊ.

ಕ್ವಾಲಿಟಿ ವಿಭಾಗದ ನಿಕಿತಾ ಎಂಬ ಹುಡುಗಿ ಇದನ್ನೆಲ್ಲ ನೋಡಿಕೊಳ್ಳುತ್ತಾಳೆ. "ರೇಣುಕಾ ದೀದಿ, ನೀವೂ ಬನ್ನಿ" ಎಂದು ಕೈಗೊಂದು ಫಾರ್ಮು ಕೊಟ್ಟಳು. ಹೆಸರು, ವಯಸ್ಸು, ರಕ್ತದ ಗುಂಪು, ಉಸಿರಾಟದ ತೊಂದರೆ ಇದೆಯೇ. ಎಲ್ಲ ಬರೆದೆ. ಕೊನೆಯ ಪ್ರಶ್ನೆ, ಈ ಜಾಗಕ್ಕೆ ಮೊದಲು ಹೋಗಿದ್ದೀರಾ? ಹೌದು, ಇಲ್ಲ. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಪೆನ್ನು ಅಲ್ಲೇ ನಿಂತಿತು. ನಾಳೆ ಕೊಡುತ್ತೇನೆ ಎಂದು ಮಡಚಿ ಟಿಫಿನ್ ಚೀಲಕ್ಕೆ ಹಾಕಿಕೊಂಡೆ.

ಅದೇ ಊರಿಗೆ ಹೋಗಿಬರುವ ಯೋಜನೆ ಹಾಕುತ್ತ ನಾನೂ ನಮ್ಮವ್ವನೂ ಒಂದು ಇಡೀ ಮಳೆಗಾಲ ಕಳೆದಿದ್ದೇವೆ. ಕೊರೊನಾ ಮುಗಿದ ಮರುವರ್ಷದ ಮಳೆಗಾಲ.

ಫಣಸವಾಡೊದಲ್ಲಿ ನನ್ನ ಅಕ್ಕ ಇದ್ದಳು. ಇದ್ದಳು ಎಂದರೆ ಮಣ್ಣಿನಲ್ಲಿ ಇದ್ದಳು. ನಮ್ಮಪ್ಪ ಅವ್ವ ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದ ಹೊಸದರಲ್ಲಿ ಮಾಡಿದ ಮೊದಲ ಕೆಲಸ ಆ ಕಣಿವೆಯಲ್ಲಿ. ದೊಡ್ಡ ಕರೆಂಟಿನ ಟವರುಗಳಿಗೆ ಕುಣಿ ತೋಡುವುದು. ಜನರೇ ಸಿಮೆಂಟು, ಉಸುಕು ಹೊತ್ತು ಗುಡ್ಡ ಇಳಿಯಬೇಕಿತ್ತು. ಅಲ್ಲೇ ಜೋಪಡಿ, ಅಲ್ಲೇ ಒಲೆ. ಆ ವರ್ಷ ಮಳೆ ಬೇಗ ಹಿಡಿದು ಹಳ್ಳ ತುಂಬಿತು. ಅಕ್ಕ ಸುವರ್ಣಾಳಿಗೆ ಜ್ವರ ಬಂತು. ಎರಡೂವರೆ ವರ್ಷದ ಕೂಸು. ಹಳ್ಳ ಇಳಿಯಲೆಂದು ಮೂರು ದಿನ ಕಾದರು. ಹಳ್ಳ ಇಳಿದ ದಿನ ಕೂಸು ಇರಲಿಲ್ಲ. ನಾನಾಗ ಅವ್ವನ ಹೊಟ್ಟೆಯಲ್ಲಿ ಐದು ತಿಂಗಳವಳು.

ಮೂರನೇ ಟವರಿನ ಬಲಕ್ಕೆ ಒಂದು ಹಲಸಿನ ಗಿಡ, ಅದರ ಬುಡದಲ್ಲಿ ಮಣ್ಣು ಮಾಡಿದರು. ಗುರುತಿಗೆ ಅವ್ವ ಖಾರ ಅರೆಯುವ ತನ್ನ ಗುಂಡುಕಲ್ಲನ್ನೇ ತಲೆಯ ಕಡೆ ಇಟ್ಟಳು. ಬೇರೆ ಕಲ್ಲಾದರೆ ಹತ್ತರಲ್ಲಿ ಒಂದಾಗಿಬಿಡುತ್ತದೆ, ಇದಾದರೆ ಎಂದು ಬಂದರೂ ಗುರುತು ಸಿಗುತ್ತದೆ ಎಂದು ಅವಳ ಲೆಕ್ಕ. "ಇದ್ದ ಒಂದ ಕಲ್ಲನೂ ಇಟ್ಟ ಬಂದಿ" ಎಂದು ಅಪ್ಪ ಬೈದನಂತೆ. ಬೈದವನು ತಾನೇ ಆ ಕೆಲಸ ಮುಗಿಯುವ ತನಕ ಬರೀ ಪುಡಿ ಖಾರದಲ್ಲಿ ರೊಟ್ಟಿ ತಿಂದನಂತೆ, ಒಂದು ದಿನವೂ ಸೊಲ್ಲೆತ್ತಲಿಲ್ಲವಂತೆ. ಅಪ್ಪನೂ ನಾನು ಒಂಬತ್ತನೆಯ ಇಯತ್ತೆಯಲ್ಲಿರುವಾಗ ತೀರಿಕೊಂಡ.

ನಮ್ಮಲ್ಲಿ ದಸರೆಗೆ ಮುಂಚಿನ ಮಾನಮಿ ಅಮಾಸಿಗೆ ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುತ್ತಾರೆ. ಆಮೇಲೆ ಆ ಬಟ್ಟೆಯನ್ನು ಮನೆಯ ಯಾರಾದರೂ ತೊಡಬೇಕು. ಅವ್ವ ಪ್ರತಿವರ್ಷ ಸುವರ್ಣಾಳಿಗೆ ಬಟ್ಟೆ ತರುತ್ತಿದ್ದಳು, ಸತ್ತ ಅಳತೆಯದಲ್ಲ, ಇದ್ದಿದ್ದರೆ ಆ ವರ್ಷಕ್ಕೆ ಎಷ್ಟಾಗುತ್ತಿದ್ದಳೋ ಆ ಅಳತೆಯದು. ಮಾಪುಸಾದ ಸಂತೆಯಲ್ಲಿ ಅಂಗಡಿಯವನು "ಎಷ್ಟು ವರ್ಷದ ಹುಡುಗಿ?" ಎಂದರೆ ಅವ್ವ ತಡವರಿಸದೆ ಹೇಳುತ್ತಿದ್ದಳು, ನಾನು ಪಕ್ಕದಲ್ಲೇ ನಿಂತಿದ್ದರೂ. ಎಡೆ ಆದ ಮೇಲೆ ಅದು ನನಗೆ. ನನ್ನ ಬಾಲ್ಯವೆಲ್ಲ ತೋಳು ಮಡಚುವುದರಲ್ಲೇ ಕಳೆಯಿತು. ಒಮ್ಮೆ ಸಿಟ್ಟು ಬಂದು ಅವಳ ಲಂಗ ನನಗೆ ಬೇಡ ಎಂದು ಎಸೆದಿದ್ದೆ. ಅವ್ವ ಹೊಡೆಯಲಿಲ್ಲ, ಎತ್ತಿಕೊಂಡು ಮಣ್ಣು ಝಾಡಿಸಿದಳು. ಹೊಡೆದಿದ್ದರೇ ಚಲೋ ಇತ್ತು.

ಆ ಮಳೆಗಾಲ ಶುರುವಾಗುವಾಗ ಅವ್ವ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಪರ್ವರಿಯ ಅರ್ಧ ಬಿಲ್ಡಿಂಗುಗಳಿಗೆ ಸ್ಲ್ಯಾಬು ಹೊತ್ತವಳಿಗೆ ಈಗ ಮನೆಯಿಂದ ಅಂಗಡಿಗೆ ಹೋದರೆ ಏದುಸಿರು. ಗಂಡನ ಮನೆ ಎಂಟು ತಿಂಗಳಿಗೆ ಸಾಕಾಗಿ ತಿರುಗಿ ಬಂದವಳು ನಾನು, ಹೀಗಾಗಿ ಬಾಡಿಗೆ ಖೋಲಿಯಲ್ಲಿ ನಾವಿಬ್ಬರೇ. ಒಂದು ಸಂಜೆ ಕೆಲಸದಿಂದ ಬಂದರೆ ಅವ್ವ ಟ್ರಂಕಿನ ಮುಂದೆ ಕುಳಿತಿದ್ದಳು. ಮುಂದೆ ಹೊಸ ಇಳಕಲ್ ಸೀರೆ, ಹಸಿರು ಬಳೆ, ಖಣ, ಉತ್ತತ್ತಿ, ಅರಿಶಿನ ಕೊಂಬು. ಮತ್ತೆ ನನಗೆಲ್ಲಿ ಗಂಡು ನೋಡಿದಳೋ ಎಂದು ಹೆದರಿದೆ.

"ಸುವರ್ಣಾಗ," ಎಂದಳು. "ಅಕೀಗೆ ಒಮ್ಮೆರ ತವರಿನ ಉಡಿ ತುಂಬೀನೇನ ನಾ? ತಾಯಿ ಇರೂತನಕ ತವರು ಅಂತಾರ. ನಾ ಹ್ವಾದಮ್ಯಾಲೆ ಅಕೀಗೆ ಯಾರ ಅದಾರ?"

ಅವ್ವ ಮನಸ್ಸಿನಲ್ಲೇ ಅಕ್ಕನಿಗೆ ಎಂದೋ ಮದುವೆ ಮಾಡಿ ಮುಗಿಸಿದ್ದಳು. ಮದುವೆಯಾದ ಮಗಳಿಗೆ ತವರಿನವರು ಅಕ್ಕಿ, ಕಾಯಿ, ಖಣ ಇಟ್ಟು ಉಡಿ ತುಂಬಬೇಕು. ಮನೆಯಲ್ಲಿ ಫೋಟೋದ ಮುಂದೆ ತುಂಬೋಣವೆಂದರೆ ಅಕ್ಕನದೊಂದು ಫೋಟೋ ಕೂಡ ಇಲ್ಲ. ಮಣ್ಣು ಮಾಡಿದ ಜಾಗಕ್ಕೇ ಹೋಗಬೇಕು, ಅಮಾಸಿಯ ಒಳಗೇ ಹೋಗಬೇಕು ಎಂದಳು.

"ಯವ್ವಾ, ಅಲ್ಲಿಗೆ ರೋಡಿಲ್ಲ. ಎರಡ ತಾಸ ಗುಡ್ಡಾ ಇಳೀಬೇಕು, ಮತ್ತ ಹತ್ತಬೇಕು. ನಿನಗ ಸಂತಿಗೆ ಹೋಗಿ ಬರೂದ ಆಗವಲ್ದು."

"ಅವತ್ತ ಹೊಟ್ಯಾಗ ನಿನ್ನ, ತಲಿಮ್ಯಾಲೆ ಸಿಮಿಟ ಹೊತ್ಕೊಂಡ ಇಳದೇನಿ. ಈಗ ಬರೇ ಕೈಲೆ ಇಳಿಯಾಕ ಆಗೂದಿಲ್ಲೇನ?"

ಅವಳ ಬಾಯಿಯೆದುರು ನಾನೆಂದೂ ಗೆದ್ದವಳಲ್ಲ. ಮರುದಿನದಿಂದ ಯೋಜನೆ ಶುರುವಾಯಿತು. ನನ್ನ ಪಕ್ಕದಲ್ಲಿ ನಿಂತು ಮಾತ್ರೆ ಪ್ಯಾಕ್ ಮಾಡುವ ಸುನಂದಾಳ ತವರು ಸತ್ತರಿ. ಫಣಸವಾಡೊಕ್ಕೆ ಇಳಿಯುವ ಕಾಲುದಾರಿ ಅವರ ಊರಿನ ಹಿಂದೆಯೇ ಶುರುವಾಗುತ್ತದೆ. ಕೇಳಿದ ಕೂಡಲೇ ಅವಳು ಕೊಂಕಣಿಯಲ್ಲಿ, "ಪಾವಸಾಂತ ನಾಕಾ ಗೋ" ಎಂದಳು, ಮಳೆಯಲ್ಲಿ ಮಾತ್ರ ಬೇಡ. ಆಮೇಲೆ ತಾನೇ ಮನಸ್ಸು ಕರಗಿ ಎಲ್ಲ ಹೇಳಿಕೊಟ್ಟಳು. ಬೆಳಿಗ್ಗೆ ಆರಕ್ಕೆ ಮಾಪುಸಾದಲ್ಲಿ ಬಸ್ಸು ಹಿಡಿಯಬೇಕು. ವಾಳ್ಪಯಿಯಲ್ಲಿ ಇಳಿದು ಇನ್ನೊಂದು ಸಣ್ಣ ಬಸ್ಸು. ಅಲ್ಲಿಂದ ಕಾಲ್ನಡಿಗೆ. ನಾಲ್ಕಕ್ಕೆ ಕೊನೆಯ ಬಸ್ಸು, ಅದು ತಪ್ಪಿದರೆ ಅವಳ ತವರಿನಲ್ಲಿ ಮಲಗಿಕೊಳ್ಳಬಹುದು. ಹಳ್ಳಕ್ಕೆ ಈಗ ಕಬ್ಬಿಣದ ಕಾಲುಸೇತುವೆ ಆಗಿದೆ.

ಈ ಕೊನೆಯ ಮಾತನ್ನು ಅವ್ವನಿಗೆ ಹೇಳಬಾರದಿತ್ತು. ಕೇಳಿ, "ಆಗ ಇರಲಿಲ್ಲ ನೋಡು" ಎಂದಳು.

ಗೆಳತಿಯರ ಜೊತೆ ತಿರುಗಾಡುವ ಆಸೆ ನನಗೂ ಇತ್ತು, ಅದನ್ನೆಲ್ಲ ಬಿಟ್ಟು ಸಂಜೆಯಾದರೆ ನಾನು ಅವ್ವನ ಮುಂದೆ ಕ್ಯಾಲೆಂಡರು ಹಿಡಿದು ಕೂರುತ್ತಿದ್ದೆ. ಖರೇ ಹೇಳುತ್ತೇನೆ, ನಾವಿಬ್ಬರೂ ಅಷ್ಟು ಮಾತಾಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಎಷ್ಟು ರೊಟ್ಟಿ, ಶೇಂಗಾ ಚಟ್ನಿ ಸಾಕೋ ಕೆಂಪು ಚಟ್ನಿಯೂ ಬೇಕೋ, ಯಾವ ಯಾವ ಟವರಿನ ಬುಡದಲ್ಲಿ ಕುಳಿತು ದಣಿವಾರಿಸಿಕೊಳ್ಳುವುದು. ಮೊದಲನೆಯದರ ಹತ್ತಿರ ನೀರು, ಎರಡನೆಯದರ ಹತ್ತಿರ ನೆರಳು. ಮೂವತ್ತೈದು ವರ್ಷದ ಹಿಂದಿನ ದಾರಿ ಅವಳ ಬಾಯಲ್ಲಿ ಹೆಜ್ಜೆ ಹೆಜ್ಜೆಗೂ ಇತ್ತು. ಇಳಿಯುವ ಚಿಂತೆಯಿಲ್ಲ, ಹತ್ತುವುದೇ ಕಷ್ಟ ಎಂದು ನಾನು ಅಂದದ್ದಕ್ಕೆ ಅವಳು ತಾಲೀಮು ಶುರುಮಾಡಿದಳು.

ನಮ್ಮ ಖೋಲಿಯ ಹಿಂದಿನ ಏಳು ಮಾಳಿಗೆಯ ಬಿಲ್ಡಿಂಗಿಗೆ ಹಿಂದೊಮ್ಮೆ ಅವ್ವನೇ ಬುಟ್ಟಿ ಹೊತ್ತಿದ್ದಳು. ಅಲ್ಲಿನ ವಾಚ್‌ಮನ್ ಗದಗಿನ ಕಡೆಯವನು, ಒಳಗೆ ಬಿಡುತ್ತಿದ್ದ. ದಿನಾ ಸಂಜೆ ಮೆಟ್ಟಿಲು ಹತ್ತಿ ಇಳಿಯುವುದು. "ಗಂಗಕ್ಕಾ, ಲಿಫ್ಟ್ ಐತಲ್ಲ" ಎಂದು ಅವನು ಚಾಷ್ಟಿ ಮಾಡಿದರೆ, "ಗುಡ್ಡಕ್ಕ ಲಿಫ್ಟ್ ಇರ್ತೈತೇನೋ ತಮ್ಮಾ?" ಎಂದು ಸೆರಗು ಸಿಕ್ಕಿಸಿಕೊಂಡು ಹತ್ತುತ್ತಿದ್ದಳು. ಮೊದಲ ವಾರ ಒಂದು ಮಾಳಿಗೆ. ಜೂನಿನ ಮಿರಗದ ಮಳೆ ಮುಗಿಯುವಷ್ಟರಲ್ಲಿ ಎರಡು. ಏಳನೆಯದು ಹತ್ತಿದ ದಿನ ಹೋಗಿಬರುವುದೆಂದು ಮಾತಾಯಿತು.

ಶ್ರಾವಣದ ನಡುವೆ ಎರಡು ದಿನ ಮಳೆ ಬಿಟ್ಟಿತು. ಅವ್ವನನ್ನು ಕರೆದೊಯ್ಯುವ ಮೊದಲು ದಾರಿ ಹೇಗಿದೆಯೆಂದು ನಾನೊಬ್ಬಳೇ ನೋಡಿಬರುವುದೆಂದು ಹೊರಟೆ. ಹೊರಡುವಾಗ ಅವ್ವ ಒಂದು ಕರ್ಚೀಫು ಕೊಟ್ಟು, "ಅಕೀ ಮ್ಯಾಲಿಂದ ಒಂದ ಹಿಡಿ ಮಣ್ಣ ತಾ" ಎಂದಳು.

ಸುನಂದಾಳ ತವರಿನಿಂದ ಇಳಿಯುತ್ತ ಹೋದೆ. ಅವ್ವ ಹೇಳಿದಂತೆಯೇ ಎಲ್ಲ ಇತ್ತು. ಮೊದಲ ಟವರು, ನೀರು. ಎರಡನೇ ಟವರು, ನೆರಳು. ಕಾಲಿಗೆ ಜಿಗಣೆ ಹತ್ತಿದ್ದೂ ಗೊತ್ತಾಗಲಿಲ್ಲ, ಅಷ್ಟು ಹಿಗ್ಗು. ಮೂರನೇ ಟವರು ಕಂಡಿತು. ಅದರ ಬಲಕ್ಕೆ ಏನೂ ಇರಲಿಲ್ಲ. ತಂತಿಬೇಲಿ, ಅದರೊಳಗೆ ಮೈದಾನದ ಹಾಗೆ ಮಟ್ಟ ಮಾಡಿದ ಕೆಂಪು ನೆಲ, ನಾಲ್ಕು ಕಾಟೇಜುಗಳ ಪಾಯ. ಆಚೆ ದಿಕ್ಕಿನಿಂದ ಲಾರಿ ಬರುವಂತೆ ಹೊಸ ದಾರಿ ಕಡಿದಿದ್ದರು. ಅವ್ವ ಅಷ್ಟು ಮೆಟ್ಟಿಲು ಹತ್ತಬೇಕಾದ ಅಗತ್ಯವೇ ಇರಲಿಲ್ಲ.

ಬೇಲಿಯ ಮೂಲೆಯಲ್ಲಿ ತಗಡಿನ ಶೆಡ್ಡು. ಎರಡು ಕಂಬದ ನಡುವೆ ಹಳೆಯ ಸೀರೆಯ ಜೋಳಿಗೆ, ಅದರಲ್ಲಿ ಕೂಸು. ಒಲೆಯ ಮುಂದೆ ಕುಳಿತ ಹೆಂಗಸು ನನ್ನ ಮುಖ ನೋಡಿದ್ದೇ, "ಯಾವೂರ ರೀ ಅಕ್ಕಾರ?" ಎಂದಳು. ನಮ್ಮವರೇ. ಸಿಂದಗಿಯ ಕಡೆಯವಳು.

"ಇಲ್ಲೊಂದ ಹಲಸಿನ ಗಿಡ ಇತ್ತಲ್ಲ?" ಎಂದೆ.

"ಇತ್ತರಿ, ಭಾಳ ದೊಡ್ಡದಿತ್ತು. ಬ್ಯಾಸಗ್ಯಾಗ ಜೆಸಿಬಿ ತಂದ ಕೆಡವಿದ್ರು. ಇದೆಲ್ಲಾ ತಗ್ಗ ಇತ್ತ ನೋಡ್ರಿ. ಇದ್ದ ಮಣ್ಣ ಬಳದ ಹಳ್ಳಕ್ಕ ಹಾಕಿ, ಹೊರಗಿಂದ ಲಾರಿಲೆ ಮಣ್ಣ ತಂದ ತುಂಬ್ಯಾರ. ಕುಂದರ್ರಿ, ಎರಡ ರೊಟ್ಟಿ ತಿಂದ ಹೋಗ್ರಿ, ದಣದೀರಿ."

ಕುಳಿತೆ. ಅವಳು ಚಪ್ಪಟೆ ಕಲ್ಲಿನ ಮೇಲೆ ಹಸಿಮೆಣಸಿನಕಾಯಿ, ಉಪ್ಪು ಇಟ್ಟು ಅರೆಯತೊಡಗಿದಳು. ಕೈಯಲ್ಲಿ ಕಪ್ಪನೆಯ, ನುಣುಪಾದ ಒಂದು ಗುಂಡುಕಲ್ಲು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಎತ್ತಿ ತೋರಿಸಿದಳು.

"ಗಿಡಾ ಎಬ್ಬಿಸಿದಾಗ ಬುಡಕ ಸಿಕ್ತರಿ ಇದು. ಎಷ್ಟ ಚಲೋ ಐತಿ ನೋಡ್ರಿ, ಯಾರೋ ನಮ್ಮಂಥಾರs ಬಿಟ್ಟ ಹೋಗ್ಯಾರ."

ಆ ಖಾರ ಹಚ್ಚಿಕೊಂಡು ನಾನು ರೊಟ್ಟಿ ತಿಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಅವಳು, ಖಾರ ಭಾಳ ಆತೇನ್ರಿ ಎಂದು ಬೆಲ್ಲ ಕೊಟ್ಟಳು. ಕೇಳಿದ್ದರೆ ಕಲ್ಲನ್ನೂ ಕೊಡುತ್ತಿದ್ದಳು. ಕೇಳಲಿಲ್ಲ. ಕಲ್ಲು ಮನೆಗೆ ಬಂದರೆ ಗಿಡ ಹೋದದ್ದೂ ಮನೆಗೆ ಬರುತ್ತದೆ. ಜೋಳಿಗೆಯ ಕೂಸು ಎದ್ದು ಅಳತೊಡಗಿತು. ಹೆಣ್ಣು ಕೂಸು. ಅವಳು ಎತ್ತಿಕೊಂಡು ಹಾಲು ಕುಡಿಸತೊಡಗಿದಾಗ ನಾನು ಎದ್ದೆ. ಟವರಿನಿಂದ ಬಲಕ್ಕೆ ಅಂದಾಜು ಮಾಡಿ ಗಿಡ ಇದ್ದಿರಬಹುದಾದ ಜಾಗದಲ್ಲಿ ಬಾಗಿ ಒಂದು ಹಿಡಿ ಮಣ್ಣು ತೆಗೆದು ಕರ್ಚೀಫಿನಲ್ಲಿ ಕಟ್ಟಿಕೊಂಡೆ. ಮಣ್ಣು ಮಣ್ಣೇ ಅಲ್ಲವೇ ಎಂದುಕೊಂಡೆ. ಹುಟ್ಟಿದಾಗಿನಿಂದ ಸಿಮೆಂಟಿನ ನೆಲದ ಮೇಲೆ ಬೆಳೆದವಳಿಗೆ ಅಷ್ಟೇ ಬುದ್ಧಿ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಗಿಡಾ ಐತೇನ?"

"ಐತವ್ವಾ. ಇಬ್ಬರು ತಬ್ಬಿದ್ರೂ ಕೈಗೆ ಸಿಗೂದಿಲ್ಲ, ಅಷ್ಟ ದಪ್ಪ ಆಗೇತಿ."

"ಕಲ್ಲು?"

"ಅದೂ ಐತಿ. ಮ್ಯಾಲೆ ಪಾಚಿ ಬೆಳದೈತಿ."

ಸುಳ್ಳು ಒಂದಾದ ಮೇಲೊಂದು ಸಲೀಸಾಗಿ ಬಂದವು. ಅವ್ವ ಕರ್ಚೀಫು ಬಿಚ್ಚಿದಳು. ಮಣ್ಣನ್ನು ಎರಡು ಬೆರಳಲ್ಲಿ ತಿಕ್ಕಿದಳು, ಮೂಸಿದಳು, ನನ್ನ ಮುಖ ನೋಡಿದಳು. "ದಣದೀ, ಕೈಕಾಲ ತೊಳಕೋ, ಚಾ ಮಾಡ್ತೇನಿ" ಎಂದಳು. ಮರುದಿನ ಆ ಮಣ್ಣು ಬಾಗಿಲ ಮುಂದಿನ ಪೇಂಟಿನ ಡಬ್ಬಿಯ ತುಳಸಿಗೆ ಸೇರಿತ್ತು. ಭಕ್ತಿಯಿಂದ ಹಾಕಿದ್ದಾಳೆ ಎಂದು ನಾನು ತಿಳಿದೆ.

ಆಮೇಲೆ ನನ್ನ ಕೆಲಸವೆಂದರೆ ಆ ಪ್ರಯಾಣ ನಡೆಯದಂತೆ ನೋಡಿಕೊಳ್ಳುವುದು. ಒಂದು ಭಾನುವಾರ ಮಳೆ. ಇನ್ನೊಂದು ಭಾನುವಾರ ಸುನಂದಾ ಊರಲ್ಲಿಲ್ಲ. ಉಳಿದವಕ್ಕೆ ಓವರ್‌ಟೈಮು. ಸೂಪರ್‌ವೈಸರು ಒತ್ತಾಯ ಮಾಡುತ್ತಾನೆ ಎಂದು ಅವ್ವನಿಗೆ ಹೇಳಿ, ನಾನೇ ಅವನ ಹಿಂದೆ ಬಿದ್ದು ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ. ಅವ್ವ ಪಾಪ ಅವನಿಗೆ ಹಿಡಿಶಾಪ ಹಾಕುತ್ತಿದ್ದಳು, "ಮಂದಿ ಮಕ್ಕಳ ಮೈ ಅಂದ್ರ ಏನ ಕಬ್ಬಣಾ ಮಾಡ್ಯಾನೇನ ಅಂವಾ?" ಮೆಟ್ಟಿಲು ಹತ್ತುವುದನ್ನು ಮಾತ್ರ ಬಿಡಲಿಲ್ಲ. ಮೂರಾಯಿತು, ನಾಲ್ಕಾಯಿತು. ಗಣೇಶ ಚವತಿಯ ಹೊತ್ತಿಗೆ ಐದಾಯಿತು. ಸಾಕು ಬಿಡು ಎಂದು ನಾನು ಹೇಳಬೇಕಿತ್ತು. ಹೇಳಿದರೆ ಯಾಕೆ ಎನ್ನುತ್ತಿದ್ದಳು, ಗಿಡ ಹೋದದ್ದನ್ನು ಹೇಳಬೇಕಾಗುತ್ತಿತ್ತು. ಅದಕ್ಕಾಗಿ ಏಳನೆಯದು ಬೇಗ ಬಾರದಿರಲಿ ಎಂದು ದೇವರಿಗೆ ಹರಕೆ ಹೊತ್ತೆ. ಎಂಥ ಹರಕೆ! ದೇವರು ಅದನ್ನು ನಡೆಸಿಕೊಟ್ಟ.

ಅಮಾಸಿಗೆ ಇನ್ನು ಹತ್ತು ದಿನವಿರುವಾಗ, ಐದರಿಂದ ಆರನೇ ಮಾಳಿಗೆಗೆ ಹತ್ತುವಾಗ, ಅವ್ವ ಮೆಟ್ಟಿಲ ಮೇಲೆ ಕುಸಿದಳು. ವಾಚ್‌ಮನ್ ಅವಳನ್ನು ಲಿಫ್ಟಿನಲ್ಲಿ ಇಳಿಸಿ ತಂದ. ಅವನ ಚಾಷ್ಟಿಯ ಮಾತು ಹೀಗೆ ಖರೇ ಆಯಿತೆಂದು ಅವನೇ ಅಳುತ್ತ ಕುಳಿತಿದ್ದ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಹೃದಯ ಸೋತಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು.

ಮನೆಗೆ ಬಂದ ಮೂರನೇ ದಿನ, ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಬಿಸಿಲು ಬಿದ್ದಿತ್ತು. ಅವ್ವ ನನ್ನ ಕೈ ತಡೆದಳು.

"ರೇಣಾ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ನೀ ಅವತ್ತ ಅಲ್ಲಿಗೆ ಹೋಗಿದ್ದಿಲ್ಲ, ಹೌದಿಲ್ಲೊ?"

ನನಗೆ ಮೈಯೆಲ್ಲ ಉರಿದುಹೋಯಿತು. ಜಿಗಣೆ ಕಚ್ಚಿಸಿಕೊಂಡು, ಎರಡು ತಾಸು ಇಳಿದು ಮೂರು ತಾಸು ಹತ್ತಿ ಬಂದವಳು ನಾನು! "ಯಾರ ಹೇಳಿದ್ರು ನಿನಗ?" ಎಂದೆ.

"ಮಣ್ಣ ಹೇಳ್ತು. ನೀ ತಂದದ್ದು ಕೆಂಪ ಮಣ್ಣು, ಉದುರುದುರು. ಬಸ್‌ಸ್ಟ್ಯಾಂಡಿನ್ಯಾಗ ಸಿಗೂ ಅಂಥಾದ್ದು. ಅಲ್ಲಿದು ಕರೇ ಮಣ್ಣವ್ವಾ. ಜಿಗಟ, ನಮ್ಮೂರ ಎರಿ ಇದ್ದಂಗ. ನಾನs ತೋಡೇನಿ, ನನಗ ಗೊತ್ತಿಲ್ಲೇನ? ಅಕೀನ್ನ ಇಡೂಮುಂದ, ಪರಊರಾಗಾದ್ರೂ ನಮ್ಮ ಮಣ್ಣಾಗ ಇಟ್ಟಂಗಾತು ಅಂತ ಅದೊಂದs ಸಮಾಧಾನ ಇತ್ತ ನನಗ."

ಗಂಜಿಯ ಬಟ್ಟಲು ಕೆಳಗಿಟ್ಟೆ. ನಾಲಗೆಯ ತುದಿಯಲ್ಲಿ ಎಲ್ಲ ಇತ್ತು. ಹೋಗಿದ್ದೆನವ್ವಾ, ನಾನು ಸುಳ್ಳಿಯಲ್ಲ, ಅದು ಅಲ್ಲಿಯದೇ ಮಣ್ಣು, ನಿನ್ನ ಕರಿ ಮಣ್ಣನ್ನು ಬಳಿದು ಹಳ್ಳಕ್ಕೆ ಹಾಕಿದ್ದಾರೆ. ಹಾಗೆಂದರೆ ನನ್ನ ಮಾನ ಉಳಿಯುತ್ತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೋಗಿಲ್ಲ ಅನ್ನು ಎಂಬ ಆಸೆಯಿತ್ತು.

"ಹೌದವ್ವಾ," ಎಂದೆ. "ಹೋಗಿದ್ದಿಲ್ಲ."

ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. "ಹೋಗ್ಲಿ ಬಿಡು. ಇರೂದs ಒಂದ ಐತವಾರ ನಿನಗ, ಎಲ್ಲೋ ಗೆಳತ್ಯಾರ ಕೂಡ ಅಡ್ಡ್ಯಾಡಿ ಬಂದಿರ್ತಿ." ಆಮೇಲೆ, "ಅಂದ್ರ ಗಿಡಾ ಈಗ ಹೆಂಗೈತೋ ನಿನಗ ಗೊತ್ತಿಲ್ಲ?" ಎಂದಳು.

"ಗೊತ್ತಿಲ್ಲವ್ವಾ. ಇರಬೇಕು."

"ಇರತೈತಿ. ಹಲಸಿನ ಗಿಡಾ ನೂರ ವರ್ಷ ಇರತೈತಿ. ನಾ ಹ್ವಾದಮ್ಯಾಲೆ ಒಮ್ಮಿ ಹೋಗಿ ಅಕ್ಕನ ಉಡಿ ತುಂಬಿ ಬಾ. ಆಣಿ ಮಾಡು."

ಅವಳ ಕೈ ಮುಟ್ಟಿ ಆಣೆ ಮಾಡಿದೆ. ಅಮಾಸಿಗೆ ಎರಡು ದಿನವಿರುವಾಗ ಅವ್ವ ಹೋದಳು. ಮಗಳು ಸೋಮಾರಿ, ಸುಳ್ಳಿ ಎಂದು ನಂಬಿಕೊಂಡೇ ಹೋದಳು. ಅದು ನೋಯುವುದಿಲ್ಲವೆಂದು ಹೇಳಲಾರೆ, ಈಗಲೂ ನೋಯುತ್ತದೆ.

ಆ ಸೀರೆ ಇನ್ನೂ ಟ್ರಂಕಿನಲ್ಲಿದೆ. ಎಡೆ ಹಿಡಿಯದ ಸೀರೆಯನ್ನು ಉಡುವಂತಿಲ್ಲ, ಇಷ್ಟು ವರ್ಷ ಅಕ್ಕನ ಬಟ್ಟೆಯನ್ನೇ ತೊಟ್ಟು ಬೆಳೆದವಳಿಗೆ ಅದೊಂದು ದಕ್ಕಲಿಲ್ಲ. ಹಸಿರು ಬಳೆಗಳನ್ನು ವರ್ಷಕ್ಕೊಮ್ಮೆ ಒರೆಸಿ ಇಡುತ್ತೇನೆ. ಉತ್ತತ್ತಿ ಮಾತ್ರ ಹುಳ ಹಿಡಿದು ಬೇರೆ ತರಬೇಕಾಯಿತು.

ಇವತ್ತು ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಿಕಿತಾ ಫಾರ್ಮು ಕೇಳಿದಳು. ಊಟದ ಚಿಂತೆಯಿಲ್ಲ, ಟವರಿನ ಹತ್ತಿರ ಚೆಂದದ ಕಾಟೇಜುಗಳಿವೆ, ಊಟ ಅಲ್ಲೇ ಎಂದಳು. "ನನ್ನ ಚೀಲ ಸ್ವಲ್ಪ ಭಾರ ಇರುತ್ತದೆ, ನಡೆಯುತ್ತದೆಯೇ?" ಎಂದು ಕೇಳಿದೆ. ಏನು ತರುತ್ತೀರಿ ದೀದಿ ಎಂದು ನಕ್ಕಳು. ಅಕ್ಕನ ಬಟ್ಟೆ ಎಂದೆ.

ಅವಳ ಕೈಯ ಪೆನ್ನು ತೆಗೆದುಕೊಂಡೆ. ಈ ಜಾಗಕ್ಕೆ ಮೊದಲು ಹೋಗಿದ್ದೀರಾ ಎಂಬುದರ ಮುಂದೆ, ಇಲ್ಲ ಎಂಬುದಕ್ಕೆ ಗುರುತು ಹಾಕಿ ಕೊಟ್ಟೆ.